ಉಪಯುಕ್ತತಾವಾದ: ಯಾವ ತೀರ್ಮಾನಕ್ಕೆ ಯಾವ ಬಗೆಯ ಲೆಕ್ಕ?

ಉಪಯುಕ್ತತಾವಾದ ಸರಿಯೋ ತಪ್ಪೋ ಎಂಬ ವಾದ ಬಹಳ ಕಡೆ ಇತ್ಯರ್ಥವಾಗದೆ ಉಳಿಯುತ್ತದೆ. ಸಮರ್ಥಿಸುವವರ ಮನಸ್ಸಿನಲ್ಲಿ ಒಂದು ಬಗೆ ಇರುತ್ತದೆ, ಖಂಡಿಸುವವರ ಮನಸ್ಸಿನಲ್ಲಿ ಇನ್ನೊಂದು. ಹೆಸರು ಒಂದೇ ಆದರೂ ಈ ಸಿದ್ಧಾಂತದೊಳಗೆ ಮೂರು ಕಡೆ ಆಯ್ಕೆ ಮಾಡಿಕೊಳ್ಳಬೇಕಾಗುತ್ತದೆ: ಏನನ್ನು ಅಳೆಯಬೇಕು, ಅಳೆದದ್ದನ್ನು ಹೇಗೆ ಕೂಡಬೇಕು, ಆ ಲೆಕ್ಕವನ್ನು ಒಂದೊಂದು ಕೆಲಸಕ್ಕೂ ಹಚ್ಚಬೇಕೋ ಅಥವಾ ನಿಯಮಗಳಿಗೆ ಮಾತ್ರವೋ. ಈ ಮೂರನ್ನು ಹೇಳದೆ ‘ಇದು ಉಪಯುಕ್ತತಾವಾದದ ಪ್ರಕಾರ ಸರಿ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ತತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ, ನಾಗರಿಕ ಸೇವಾ ಪರೀಕ್ಷೆಯ ನೀತಿಶಾಸ್ತ್ರ ಪತ್ರಿಕೆಗೆ ಓದುವವರಿಗೆ, ಆಸ್ಪತ್ರೆಯ ಸಮಿತಿಯಲ್ಲೋ ಪಂಚಾಯಿತಿಯಲ್ಲೋ ಕೂತು ನಿಜವಾಗಿ ಹಣ ಹಂಚುವವರಿಗೆ ಈ ಹೋಲಿಕೆ ಕೆಲಸಕ್ಕೆ ಬರುತ್ತದೆ.

ಎಲ್ಲ ಬಗೆಗಳಿಗೂ ಸಮಾನವಾದ ತಿರುಳು ಚಿಕ್ಕದು. ಒಂದು ಕೆಲಸ ಸರಿಯೇ ಎಂಬುದನ್ನು ಅದರ ಪರಿಣಾಮ ನಿರ್ಧರಿಸುತ್ತದೆ. ಪರಿಣಾಮದಲ್ಲಿ ಲೆಕ್ಕಕ್ಕೆ ಬರುವುದು ಜೀವಿಗಳ ಒಳಿತು ಕೆಡುಕು ಮಾತ್ರ. ಆ ಲೆಕ್ಕದಲ್ಲಿ ಮಗ, ನೆರೆಯವ, ಅಪರಿಚಿತ ಎಂಬ ಭೇದವಿಲ್ಲ. ಒಬ್ಬರ ಒಂದು ಪಾಲು ನೋವು ಇನ್ನೊಬ್ಬರ ಒಂದು ಪಾಲು ನೋವಿಗೆ ಸಮ. ಈ ಸಿದ್ಧಾಂತಕ್ಕೆ ವ್ಯವಸ್ಥಿತ ರೂಪ ಕೊಟ್ಟ ಇಂಗ್ಲಿಷ್ ತತ್ವಜ್ಞಾನಿ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಪ್ರಾಣಿಗಳಿಗೂ ಚಾಚಿದರು. ಪ್ರಾಣಿಗೆ ಯೋಚಿಸಲು, ಮಾತಾಡಲು ಬರುತ್ತದೆಯೇ ಎಂದು ಕೇಳಬೇಡಿ, ನೋವಾಗುತ್ತದೆಯೇ ಎಂದು ಕೇಳಿ ಎನ್ನುವುದು ಅವರ ನಿಲುವು. ಇಲ್ಲಿಯವರೆಗೆ ಒಳಜಗಳವಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ

‘ಅತಿ ಹೆಚ್ಚು ಜನರಿಗೆ ಅತಿ ಹೆಚ್ಚು ಸುಖ’ ಎಂಬ ಸೂತ್ರವನ್ನು ಬಹುಮತದ ಸೂತ್ರವೆಂದು ಓದುವವರೇ ಹೆಚ್ಚು. ಫ್ರಾನ್ಸಿಸ್ ಹಚಿಸನ್ 1725ರಲ್ಲೇ ಈ ಅರ್ಥದ ಮಾತು ಬರೆದಿದ್ದರು, ಬೆಂಥಮ್ ಅದನ್ನು ಜನಪ್ರಿಯಗೊಳಿಸಿದರು. ಆದರೆ ಕೊನೆಗಾಲದಲ್ಲಿ ‘ಹೆಚ್ಚು ಜನ’ ಎಂಬ ಭಾಗವನ್ನು ಅವರೇ ಕೈಬಿಟ್ಟರು. ಅವರು ಕೊಟ್ಟ ಲೆಕ್ಕ ಹೀಗಿದೆ: ಒಂದು ಸಮುದಾಯದಲ್ಲಿ ಬಹುಸಂಖ್ಯಾತರು 2001, ಅಲ್ಪಸಂಖ್ಯಾತರು 2000. ಆ 2000 ಜನರ ಸುಖವನ್ನೆಲ್ಲ ಕಿತ್ತು 2001 ಜನರಿಗೆ ಹಂಚಿದರೆ ಸಮುದಾಯದ ಒಟ್ಟು ಸುಖ ಏರುವುದಿಲ್ಲ, ಕುಸಿಯುತ್ತದೆ. ಇದ್ದದ್ದೆಲ್ಲ ಕಳೆದುಕೊಂಡವರ ಸಂಕಟ, ಇದ್ದದ್ದರ ಮೇಲೆ ಇನ್ನಷ್ಟು ಸಿಕ್ಕವರ ಖುಷಿಗಿಂತ ಬಹಳ ದೊಡ್ಡದು. ಆದ್ದರಿಂದ ‘ಬಹುಜನರ ಹಿತಕ್ಕಾಗಿ ಕೆಲವರು ತ್ಯಾಗ ಮಾಡಬೇಕು’ ಎಂಬ ಭಾಷಣವನ್ನು ಉಪಯುಕ್ತತಾವಾದ ಎಂದು ಕರೆಯುವ ಮೊದಲು ತಲೆ ಎಣಿಸಿದ್ದಾರೋ ನೋವು ತೂಗಿದ್ದಾರೋ ನೋಡಿ.

ಏನನ್ನು ಅಳೆಯುವುದು: ಸುಖವೋ, ಇಚ್ಛೆಯೋ, ಪಟ್ಟಿಯೋ

ಬೆಂಥಮ್ ಅಳೆದದ್ದು ಸುಖ ದುಃಖಗಳನ್ನು. ಅದಕ್ಕೆ ಏಳು ಅಳತೆ ಕೊಟ್ಟರು: ತೀವ್ರತೆ, ಅವಧಿ, ಖಚಿತತೆ, ಎಷ್ಟು ಬೇಗ ಬರುತ್ತದೆ, ಮುಂದೆ ಅದೇ ಬಗೆಯ ಅನುಭವ ತರುತ್ತದೆಯೇ, ವಿರುದ್ಧ ಬಗೆಯದು ಬೆರೆತಿದೆಯೇ, ಎಷ್ಟು ಜನರಿಗೆ ತಟ್ಟುತ್ತದೆ. ಬಳಸುವಾಗ ಒಂದು ಎಚ್ಚರ ಬೇಕು. ಐದನೆಯ ಮತ್ತು ಆರನೆಯ ಅಳತೆಗಳು ಮುಂದಿನ ಪರಿಣಾಮಗಳ ಬಗ್ಗೆ ಇರುವಂಥವು. ಆ ಪರಿಣಾಮಗಳನ್ನು ಬೇರೆಯಾಗಿ ಪಟ್ಟಿ ಮಾಡಿ ಕೂಡಿಸಿದ್ದರೆ ಇಲ್ಲಿ ಮತ್ತೆ ಸೇರಿಸಬಾರದು, ಒಂದೇ ಲಾಭ ಎರಡು ಸಲ ಎಣಿಕೆಯಾಗುತ್ತದೆ.

ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಸುಖಗಳಲ್ಲೇ ಮೇಲು ಕೀಳು ಎಂದು ವಿಂಗಡಿಸಿದರು. ಎರಡನ್ನೂ ಬಲ್ಲವರು ಯಾವುದನ್ನು ಬಯಸುತ್ತಾರೋ ಅದು ಮೇಲು ಎಂದರು. ಕೇಳಲು ಸಮಾಧಾನವಾಗುತ್ತದೆ, ಲೆಕ್ಕಕ್ಕೆ ಮಾತ್ರ ಪೆಟ್ಟು ಬೀಳುತ್ತದೆ: ಎಷ್ಟು ಕೀಳು ಸುಖ ಸೇರಿದರೆ ಒಂದು ಮೇಲು ಸುಖಕ್ಕೆ ಸಮ ಎಂಬುದಕ್ಕೆ ಮಿಲ್ ಬಳಿ ವಿನಿಮಯ ದರವಿಲ್ಲ. ಸಾರ್ವಜನಿಕ ಹಣ ಹಂಚುವ ಜಾಗದಲ್ಲಿ ಮಿಲ್‌ರ ಬಗೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಶಿಕ್ಷಣದ ಗುರಿ ಏನಿರಬೇಕು ಎಂಬಂಥ ಪ್ರಶ್ನೆಗೆ ಅದು ಹೊಂದುತ್ತದೆ.

ಸುಖವಾದದ ಮೇಲಿನ ಗಟ್ಟಿಯಾದ ಆಕ್ಷೇಪ ರಾಬರ್ಟ್ ನೋಜಿಕ್ 1974ರಲ್ಲಿ ಎತ್ತಿದ್ದು. ಬೇಕಾದ ಅನುಭವವನ್ನೆಲ್ಲ ಮಿದುಳಿಗೆ ಉಣಿಸುವ ಯಂತ್ರವಿದ್ದರೆ ಬದುಕಿಡೀ ಅದಕ್ಕೆ ಜೋಡಿಸಿಕೊಂಡು ಮಲಗುತ್ತೀರಾ? ಬಹಳ ಜನ ಒಲ್ಲೆ ಎನ್ನುತ್ತಾರೆ. ಅಂದರೆ ಅವರಿಗೆ ಅನುಭವದ ಹೊರತಾಗಿಯೂ ಏನೋ ಬೇಕಾಗಿದೆ. ಆ ‘ಬೇಕು’ ಎಂಬುದನ್ನೇ ಅಳೆಯೋಣ ಎನ್ನುವುದು ಇಚ್ಛಾ ಉಪಯುಕ್ತತಾವಾದ. ಆರ್. ಎಂ. ಹೇರ್ ಈ ಪಂಥದವರು. ಪೀಟರ್ ಸಿಂಗರ್ ಕೂಡ ದೀರ್ಘಕಾಲ ಇದರಲ್ಲಿದ್ದು, ಆಮೇಲೆ ಸುಖವಾದದ ಕಡೆ ಹೊರಳಿದರು.

ಇಚ್ಛೆಯನ್ನು ಅಳೆಯುವಾಗ ಎಡವುವುದು ಎರಡು ಕಡೆ. ಮೊದಲನೆಯದು ಪರರಿಗೆ ಕೇಡು ಬಯಸುವ ಇಚ್ಛೆ. ಊರಿನ ಬಹಳ ಜನರಿಗೆ ಒಂದು ಜಾತಿಯವರು ತಮ್ಮ ಬೀದಿಯ ಬಾವಿಗೆ ಬರಬಾರದು ಎಂಬ ಇಚ್ಛೆಯಿದ್ದರೆ ಅದನ್ನೂ ಕೂಡಬೇಕೇ? ಜಾನ್ ಹರ್ಸಾನಿ ಇದಕ್ಕೆ ನೇರ ಉತ್ತರ ಕೊಟ್ಟರು: ಅಸೂಯೆ, ದ್ವೇಷ, ಕ್ರೌರ್ಯದಿಂದ ಹುಟ್ಟಿದ ಇಚ್ಛೆಗಳನ್ನು ಲೆಕ್ಕದಿಂದಲೇ ಹೊರಗಿಡಿ. ಎರಡನೆಯದು ಬಡತನಕ್ಕೆ ಒಗ್ಗಿಹೋದ ಇಚ್ಛೆ. ಏಳನೇ ತರಗತಿಗೇ ಶಾಲೆ ಬಿಟ್ಟ ಹುಡುಗಿಯನ್ನು ಕೇಳಿದರೆ ‘ಓದಿದ್ದು ಸಾಕು’ ಎಂದೇ ಹೇಳಬಹುದು. ಇನ್ನೇನೂ ಸಿಗುವುದಿಲ್ಲವೆಂದು ಗೊತ್ತಾದ ಮೇಲೆ ಆಸೆಯೂ ಕುಗ್ಗುತ್ತದೆ. ಅಮರ್ತ್ಯ ಸೇನ್ ಉಪಯುಕ್ತತಾವಾದವನ್ನು ಟೀಕಿಸಿದ ಮುಖ್ಯ ಜಾಗಗಳಲ್ಲಿ ಇದೂ ಒಂದು. ಭಾರತದಲ್ಲಿ ಬಡವರನ್ನು ಸಂದರ್ಶಿಸಿ ‘ತೃಪ್ತಿ’ಯನ್ನು ಅಂಕದಲ್ಲಿ ಬರೆದುಕೊಳ್ಳುವ ಯಾವ ಸಮೀಕ್ಷೆಗೂ ಈ ಟೀಕೆ ತಟ್ಟುತ್ತದೆ.

ಮೂರನೆಯ ದಾರಿ: ಆರೋಗ್ಯ, ಅಕ್ಷರ, ಆಯುಷ್ಯ, ಭದ್ರತೆ ಎಂಬ ಪಟ್ಟಿ ಹಿಡಿದು ಅಳೆಯುವುದು. ಪಟ್ಟಿ ಯಾರು ಮಾಡಬೇಕೆಂಬ ತಕರಾರು ಇದ್ದೇ ಇರುತ್ತದೆ. ಹಾಗಿದ್ದರೂ ಸರ್ಕಾರಿ ಯೋಜನೆಗೆ ಪಟ್ಟಿಯನ್ನೇ ಹಿಡಿಯಿರಿ, ಉಪಶಮನ ಚಿಕಿತ್ಸೆ ಮತ್ತು ಪ್ರಾಣಿಗಳ ವಿಷಯದಲ್ಲಿ ನೋವನ್ನೇ ನೇರವಾಗಿ ಅಳೆಯಿರಿ, ವಯಸ್ಕರು ತಮ್ಮ ಬದುಕಿನ ಬಗ್ಗೆ ಮಾಡುವ ಆಯ್ಕೆಗೆ ಇಚ್ಛೆಯನ್ನು ಗೌರವಿಸಿ.

ಹೇಗೆ ಕೂಡುವುದು

ಒಂದು ಯೋಜನೆಯಿಂದ 1000 ಜನರಿಗೆ ತಲಾ 2 ಅಂಶ ಲಾಭ, 20 ಜನರಿಗೆ ತಲಾ 60 ಅಂಶ ನಷ್ಟ ಎನ್ನಿ. ಲಾಭ 2000, ನಷ್ಟ 1200, ಉಳಿಯುವುದು 800. ಒಟ್ಟು ಮೊತ್ತದ ಉಪಯುಕ್ತತಾವಾದ ಯೋಜನೆ ಮಾಡಿ ಎನ್ನುತ್ತದೆ. ಈಗ ಆ 20 ಜನ ಮೊದಲೇ ಕಷ್ಟದಲ್ಲಿರುವವರು, ಅವರ ನಷ್ಟಕ್ಕೆ ಎರಡರಷ್ಟು ತೂಕ ಕೊಡೋಣ ಎಂದರೆ ನಷ್ಟ 2400 ಆಗುತ್ತದೆ, ಮೊತ್ತ ಸೊನ್ನೆಗಿಂತ 400 ಕೆಳಗಿಳಿಯುತ್ತದೆ. ಯೋಜನೆ ಬಿದ್ದುಹೋಗುತ್ತದೆ. ಹೀಗೆ ಕೆಳಗಿರುವವರಿಗೆ ಹೆಚ್ಚು ತೂಕ ಕೊಡುವ ಬಗೆಗೆ ಆದ್ಯತಾವಾದ ಎನ್ನುತ್ತಾರೆ. ಕಟ್ಟುನಿಟ್ಟಾಗಿ ನೋಡಿದರೆ ಅದು ಉಪಯುಕ್ತತಾವಾದದ ಗಡಿ ದಾಟಿದ ನೆರೆಮನೆ.

ಆದರೆ ಗಡಿ ದಾಟದೆಯೂ ಬಡವರ ಕಡೆ ವಾಲುವ ದಾರಿ ಶಾಸ್ತ್ರೀಯ ಉಪಯುಕ್ತತಾವಾದದಲ್ಲೇ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಲೆಕ್ಕ ಹಾಕಬೇಕಾದದ್ದು ರೂಪಾಯಿಯನ್ನಲ್ಲ, ರೂಪಾಯಿ ತರುವ ಒಳಿತನ್ನು. ತಿಂಗಳಿಗೆ 10,000 ದುಡಿಯುವ ಮನೆಗೆ ಸಿಗುವ 1,000 ರೂಪಾಯಿಗೂ 1,00,000 ದುಡಿಯುವ ಮನೆಗೆ ಸಿಗುವ 1,000 ರೂಪಾಯಿಗೂ ಒಂದೇ ಬೆಲೆಯಲ್ಲ. ಆದಾಯ ಇಮ್ಮಡಿಯಾದಾಗ ಯಾರಿಗೇ ಆದರೂ ಒಂದೇ ಪ್ರಮಾಣದ ಒಳಿತು ಎಂದು ಹಿಡಿದರೆ, ಬಡ ಮನೆಯ ರೂಪಾಯಿಗೆ ಹತ್ತು ಪಟ್ಟು ತೂಕ ಬರುತ್ತದೆ. ಬ್ರಿಟನ್ ಖಜಾನೆಯ ‘ಗ್ರೀನ್ ಬುಕ್’ ಮಾರ್ಗಸೂಚಿ ಇದಕ್ಕೆ 1.3 ಎಂಬ ಘಾತಾಂಕ ಬಳಸುತ್ತದೆ, ಅಂದರೆ ಆದಾಯದ ಅಂತರ ಎಷ್ಟು ಪಟ್ಟೋ ಆ ಸಂಖ್ಯೆಯನ್ನು 1.3ರ ಘಾತಕ್ಕೆ ಏರಿಸುತ್ತದೆ. ಆ ಪ್ರಕಾರ ಹತ್ತು ಪಟ್ಟು ಆದಾಯದ ಅಂತರಕ್ಕೆ ತೂಕದ ಅಂತರ ಸುಮಾರು ಇಪ್ಪತ್ತು ಪಟ್ಟು. ಯೋಜನಾ ವರದಿಯಲ್ಲಿ ಲಾಭ ನಷ್ಟಗಳನ್ನು ಬರೀ ರೂಪಾಯಿಯಲ್ಲಿ ಕೂಡಿ ‘ಸಮಾಜಕ್ಕೆ ಲಾಭ’ ಎಂದು ಬರೆದಿದ್ದರೆ ಅದು ಉಪಯುಕ್ತತಾವಾದದ ಲೆಕ್ಕವೇ ಅಲ್ಲ.

ಒಟ್ಟು ಮೊತ್ತವೋ ಸರಾಸರಿಯೋ ಎಂಬ ಪ್ರಶ್ನೆ ಜನಸಂಖ್ಯೆ ಬದಲಾಗುವಾಗ ಮಾತ್ರ ಏಳುತ್ತದೆ. ಒಟ್ಟು ಮೊತ್ತ ಹಿಡಿದರೆ, ಬದುಕಿರಲು ಅಷ್ಟಕ್ಕಷ್ಟೇ ಯೋಗ್ಯವಾದ ಬಾಳಿನ ಕೋಟ್ಯಂತರ ಜನರಿರುವ ಲೋಕವನ್ನು ಚೆನ್ನಾಗಿ ಬಾಳುವ ಚಿಕ್ಕ ಲೋಕಕ್ಕಿಂತ ಮೇಲೆಂದು ಒಪ್ಪಬೇಕಾಗುತ್ತದೆ. ಡೆರೆಕ್ ಪಾರ್ಫಿಟ್ 1984ರಲ್ಲಿ ಇದನ್ನು ಸಹಿಸಲಾಗದ ತೀರ್ಮಾನವೆಂದು ಕರೆದರು. ಸರಾಸರಿ ಹಿಡಿದರೆ, ಸರಾಸರಿಗಿಂತ ತುಸು ಕೆಳಗಿದ್ದರೂ ಸಂತೋಷವಾಗಿರುವ ಮಗು ಹುಟ್ಟುವುದೇ ನಷ್ಟ ಎನ್ನಬೇಕಾಗುತ್ತದೆ. ದಿನನಿತ್ಯದ ಆಡಳಿತದಲ್ಲಿ ಈ ತೊಡಕು ಎದುರಾಗುವುದು ಅಪರೂಪ.

ಲೆಕ್ಕ ಎಲ್ಲಿ ಕೆಡುತ್ತದೆ: ಆಸ್ಪತ್ರೆಯ ಒಂದು ಉದಾಹರಣೆ

ಉಪಯುಕ್ತತಾವಾದದ ಬಗೆಯ ಲೆಕ್ಕವನ್ನು ಬಹಿರಂಗವಾಗಿ ಅಂಕಿಯಲ್ಲಿ ಬಳಸುವ ಸಂಸ್ಥೆಗಳಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ ಮುಖ್ಯವಾದದ್ದು. 1999ರಲ್ಲಿ ಶುರುವಾದ ಈ ಸಂಸ್ಥೆ ಒಂದು ಔಷಧಿಗೆ ಸರ್ಕಾರ ಹಣ ಕೊಡಬೇಕೇ ಎಂಬುದನ್ನು ‘ಗುಣಮಟ್ಟಕ್ಕೆ ಹೊಂದಿಸಿದ ಜೀವವರ್ಷ’ ಎಂಬ ಮಾನದಲ್ಲಿ ನೋಡುತ್ತದೆ. ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ 1, ಸಾವಿಗೆ 0. ಒಂದು ಚಿಕಿತ್ಸೆ ರೋಗಿಯ ಸ್ಥಿತಿಯನ್ನು 0.5ರಿಂದ 0.7ಕ್ಕೆ ಏರಿಸಿ 6 ವರ್ಷ ಹಾಗೇ ಇಟ್ಟರೆ ಲಾಭ 0.2 ಗುಣಿಲೆ 6, ಅಂದರೆ 1.2. ಖರ್ಚು 24,000 ಪೌಂಡ್ ಆದರೆ ಒಂದು ಮಾನಕ್ಕೆ 20,000 ಪೌಂಡ್ ಬಿದ್ದಂತಾಯಿತು. 20,000ದಿಂದ 30,000 ಪೌಂಡ್ ಬಹುಕಾಲ ಅಲ್ಲಿನ ಗೆರೆಯಾಗಿತ್ತು. ಗೆರೆಯ ಒಳಗಿದ್ದರೆ ಒಪ್ಪಿಗೆಯ ಸಾಧ್ಯತೆ ಹೆಚ್ಚು.

ಈ ಲೆಕ್ಕದ ಬಲ ದೊಡ್ಡದು. ಯಾರ ಪ್ರಭಾವ, ಯಾರ ಕಣ್ಣೀರು ಟಿವಿಯಲ್ಲಿ ಬಂತು ಎಂಬುದರ ಮೇಲೆ ಹಣ ಹರಿಯುವುದನ್ನು ಇದು ತಡೆಯುತ್ತದೆ. ಆದರೆ ಒಳಗೊಂದು ದೋಷವಿದೆ. ಅಂಗವೈಕಲ್ಯದಿಂದಾಗಿ 0.6ರಲ್ಲಿ ಬದುಕುತ್ತಿರುವವರ ಜೀವ ಉಳಿಸಿದರೆ ವರ್ಷಕ್ಕೆ 0.6 ಲಾಭ, ಪೂರ್ಣ ಆರೋಗ್ಯಕ್ಕೆ ಮರಳುವವರನ್ನು ಉಳಿಸಿದರೆ 1. ಮೊದಲೇ ಕಷ್ಟ ಅನುಭವಿಸುತ್ತಿರುವವರು ಲೆಕ್ಕದಲ್ಲೂ ಹಿಂದೆ ಬೀಳುತ್ತಾರೆ.

ಇನ್ನೊಂದು ದೋಷವನ್ನು ಅಮೆರಿಕದ ಒರೆಗಾನ್ ರಾಜ್ಯ 1990ರಲ್ಲಿ ತೋರಿಸಿಕೊಟ್ಟಿತು. ಬಡವರ ಆರೋಗ್ಯ ವಿಮೆಗೆ ಚಿಕಿತ್ಸೆಗಳನ್ನು ಖರ್ಚಿಗೆ ತಕ್ಕ ಲಾಭದ ಕ್ರಮದಲ್ಲಿ ಜೋಡಿಸಿದಾಗ, ಹಲ್ಲಿಗೆ ಕ್ಯಾಪ್ ಹಾಕುವುದು ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗಿಂತ ಮೇಲೆ ಬಂತು! ಲಾಭ ಸಣ್ಣದಾದರೂ ಹಲ್ಲಿನ ಕೆಲಸ ಅಷ್ಟು ಅಗ್ಗ. ಜನ ಒಪ್ಪಲಿಲ್ಲ, ಪಟ್ಟಿ ತಿದ್ದಬೇಕಾಯಿತು. ಬಹಳ ಜನರ ಸಣ್ಣ ಅನುಕೂಲವೂ ಒಬ್ಬರ ಪ್ರಾಣವೂ ಒಂದೇ ತಕ್ಕಡಿಗೆ ಬಂದಾಗ ಹೀಗಾಗುತ್ತದೆ. ನಿಮ್ಮ ಸಮಿತಿಯಲ್ಲಿ ಈ ಬಗೆಯ ಲೆಕ್ಕ ಹಾಕುವುದಿದ್ದರೆ, ಜೀವಾಪಾಯದ ಪ್ರಕರಣಗಳನ್ನು ಬೇರೆ ಪಟ್ಟಿಗೆ ಹಾಕಿ, ಆ ಪಟ್ಟಿಯೊಳಗೆ ಮಾತ್ರ ಹೋಲಿಸಿ.

ಕೃತ್ಯವೋ, ನಿಯಮವೋ, ಎರಡು ಹಂತವೋ

ಇದೇ ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ. ಒಂದು ನ್ಯಾಯಬೆಲೆ ಅಂಗಡಿಯನ್ನು ತೆಗೆದುಕೊಳ್ಳಿ. ಗಾರೆ ಕೆಲಸದಲ್ಲಿ ಬೆರಳಿನ ಗೆರೆಯೆಲ್ಲ ಸವೆದುಹೋದ ವೃದ್ಧೆಯೊಬ್ಬರು ಅಕ್ಕಿಗೆ ಬಂದಿದ್ದಾರೆ. ಯಂತ್ರ ಹೆಬ್ಬೆಟ್ಟು ಹಿಡಿಯುತ್ತಿಲ್ಲ. ‘ಅಜ್ಜಿ, ಸೆರಗಲ್ಲಿ ಒರೆಸಿ ಇನ್ನೊಂದು ಬೆರಳು ಇಡಿ’ ಎಂದು ಹತ್ತೂ ಬೆರಳು ನೋಡಿ ಆಯಿತು. ಅಂಗಡಿಯವರಿಗೆ ಅವರು ಯಾರೆಂದು ಚೆನ್ನಾಗಿ ಗೊತ್ತು.

ಕೃತ್ಯ ಉಪಯುಕ್ತತಾವಾದ ಈ ಒಂದು ಕೆಲಸವನ್ನಷ್ಟೇ ನೋಡುತ್ತದೆ: ಅಕ್ಕಿ ಕೊಟ್ಟರೆ ಒಬ್ಬರ ಹಸಿವು ನೀಗುತ್ತದೆ, ಯಾರಿಗೂ ನಷ್ಟವಿಲ್ಲ, ಕೊಡಿ. ಇಲ್ಲಿ ಉತ್ತರ ಸರಿಯೆನಿಸುತ್ತದೆ. ಆದರೆ ಇದೇ ತರ್ಕದಲ್ಲಿ, ಐವರಿಗೆ ಅಂಗಾಂಗ ಬೇಕಿರುವಾಗ ತಪಾಸಣೆಗೆ ಬಂದ ಆರೋಗ್ಯವಂತನೊಬ್ಬನನ್ನು ಕೊಂದು ಹಂಚುವ ಶಸ್ತ್ರವೈದ್ಯನೂ ಐದರಲ್ಲಿ ಒಂದು ಕಳೆದು ‘ಸರಿ’ ಎನ್ನಬಹುದು. ಕೃತ್ಯವಾದಿಗಳು ಇದಕ್ಕೆ ‘ಸುದ್ದಿ ಹೊರಬಿದ್ದರೆ ಜನ ಆಸ್ಪತ್ರೆಗೇ ಬರುವುದಿಲ್ಲ, ಆ ನಷ್ಟ ಸೇರಿಸಿ’ ಎಂದು ಉತ್ತರಿಸುತ್ತಾರೆ. ಸುದ್ದಿ ಹೊರಬೀಳದಿದ್ದರೆ ಎಂದು ಕೇಳಿದರೆ ಆ ಉತ್ತರ ನಿಲ್ಲುವುದಿಲ್ಲ.

ನಿಯಮ ಉಪಯುಕ್ತತಾವಾದ ಬೇರೆ ಪ್ರಶ್ನೆ ಕೇಳುತ್ತದೆ: ಎಲ್ಲರೂ ಪಾಲಿಸಿದರೆ ಅತಿ ಹೆಚ್ಚು ಒಳಿತು ತರುವ ನಿಯಮ ಯಾವುದು? ಕೃತ್ಯ, ನಿಯಮ ಎಂಬ ಈ ಹೆಸರುಗಳನ್ನು ರಿಚರ್ಡ್ ಬ್ರಾಂಟ್ 1959ರಲ್ಲಿ ಚಾಲ್ತಿಗೆ ತಂದರು. ‘ಗುರುತು ಹಿಡಿದವರಿಗೆಲ್ಲ ಕೊಡಿ’ ಎಂಬುದು ನಿಯಮವಾದರೆ ಅಂಗಡಿಯಿಂದ ಅಕ್ಕಿ ಕಾಳಸಂತೆಗೆ ಹೋಗುವ ಬಾಗಿಲು ತೆರೆಯುತ್ತದೆ, ಹಾಗಾಗಿ ಹೆಬ್ಬೆಟ್ಟು ಕಡ್ಡಾಯ. ಆಗ ಅಜ್ಜಿ ಬರಿಗೈಯಲ್ಲಿ ಹೋಗಬೇಕು. ಒಳಿತು ತರಲೆಂದೇ ಮಾಡಿದ ನಿಯಮವನ್ನು, ಒಳಿತು ತರದಿರುವಾಗಲೂ ಹಿಡಿದು ಕೂರುವುದು ನಿಯಮದ ಪೂಜೆ ಎಂದು ಜೆ. ಜೆ. ಸಿ. ಸ್ಮಾರ್ಟ್ ಆಕ್ಷೇಪಿಸಿದ್ದು ಇದಕ್ಕೇ. ಸರಿ, ವಿನಾಯಿತಿ ಸೇರಿಸೋಣ: ಬೆರಳು ಸವೆದಿದ್ದರೆ ಮೊಬೈಲ್ ಒಟಿಪಿ, ಮೊಬೈಲ್ ಇಲ್ಲದಿದ್ದರೆ ರಿಜಿಸ್ಟರ್, ಬರಲಾಗದಿದ್ದರೆ ಬದಲಿ ವ್ಯಕ್ತಿ. ಹೀಗೆ ಪ್ರತಿ ಸಂದರ್ಭಕ್ಕೂ ವಿನಾಯಿತಿ ಸೇರಿಸುತ್ತ ಹೋದರೆ ನಿಯಮವಾದ ಮತ್ತೆ ಕೃತ್ಯವಾದವೇ ಆಗಿಬಿಡುತ್ತದೆ ಎಂದು ಡೇವಿಡ್ ಲಯನ್ಸ್ 1965ರಲ್ಲಿ ತೋರಿಸಿದರು. ಬ್ರಾಡ್ ಹೂಕರ್ 2000ದಲ್ಲಿ ಕೊಟ್ಟ ಪರಿಹಾರ ಕೆಲಸಕ್ಕೆ ಬರುವಂಥದ್ದು. ಪ್ರತಿ ಹೊಸ ಪೀಳಿಗೆಯ ಶೇ. 90ರಷ್ಟು ಜನ ಮನಸ್ಸಿಗೆ ತಂದುಕೊಳ್ಳಬಲ್ಲ ನಿಯಮಗಳನ್ನು ಮಾತ್ರ ಪರಿಗಣಿಸಿ, ಕಲಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ನೂರು ವಿನಾಯಿತಿಗಳ ನಿಯಮವನ್ನು ಯಾರೂ ಕಲಿಯಲಾರರು, ಮೂರನ್ನು ಕಲಿಯಬಲ್ಲರು. ಅಜ್ಜಿಯ ರಿಜಿಸ್ಟರ್ ಆ ಮೂರರಲ್ಲಿ ಬರಲೇಬೇಕು.

ಎರಡು ಹಂತದ ಬಗೆಯನ್ನು ಹೇರ್ 1981ರಲ್ಲಿ ವಿವರವಾಗಿ ಮಂಡಿಸಿದರು. ದಿನನಿತ್ಯ ಗಟ್ಟಿ ನಿಯಮಗಳಂತೆ ನಡೆಯಿರಿ. ನಿಯಮಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ, ಅಥವಾ ನಿಯಮವನ್ನೇ ರೂಪಿಸಲು ಕೂತಾಗ ಮಾತ್ರ ಲೆಕ್ಕಕ್ಕೆ ಇಳಿಯಿರಿ. ಮನುಷ್ಯರಿಗೆ ಸಮಯ ಕಡಿಮೆ, ಮಾಹಿತಿ ಅರೆಬರೆ, ಸ್ವಾರ್ಥ ಲೆಕ್ಕದೊಳಗೆ ನುಸುಳುತ್ತದೆ ಎಂಬುದನ್ನು ಈ ಬಗೆ ಒಪ್ಪಿಕೊಂಡೇ ಹೊರಡುತ್ತದೆ. ಇದರ ಮೇಲೆ ಬರ್ನಾರ್ಡ್ ವಿಲಿಯಮ್ಸ್ ಎತ್ತಿದ ದೂರು ಗಂಭೀರವಾದದ್ದು: ಮೇಲಿನವರು ಲೆಕ್ಕ ಹಾಕುತ್ತಾರೆ, ಕೆಳಗಿನವರಿಗೆ ನಿಯಮ ಪಾಲಿಸಿ ಎನ್ನುತ್ತಾರೆ, ವಸಾಹತು ಅಧಿಕಾರಿಗಳ ಹಾಗೆ. ಮಿಲ್ 35 ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೆಲಸ ಮಾಡಿದವರು ಎಂಬುದನ್ನು ಬಲ್ಲ ಭಾರತೀಯ ಓದುಗರಿಗೆ ಈ ಮಾತು ನಾಟದೆ ಇರದು. ಪರಿಹಾರ ಒಂದೇ: ಲೆಕ್ಕವನ್ನು ಬಹಿರಂಗವಾಗಿ ಹಾಕಬೇಕು.

ನನ್ನ ಶಿಫಾರಸು ಹೀಗಿದೆ. ಕಚೇರಿ, ನ್ಯಾಯಾಲಯ, ಆಸ್ಪತ್ರೆಯಂಥ ಸಂಸ್ಥೆಗೆ ಕೆಲವೇ ವಿನಾಯಿತಿಗಳ ನಿಯಮವಾದ. ಪ್ರವಾಹದ ರಾತ್ರಿ ಯಾವ ಊರಿಗೆ ದೋಣಿ ಮೊದಲು ಎಂಬಂಥ ತುರ್ತಿಗೆ ಕೃತ್ಯವಾದ. ವ್ಯಕ್ತಿಯ ಖಾಸಗಿ ಬದುಕಿಗೆ ಎರಡು ಹಂತ. ಮತ್ತು ಯಾವ ಲೆಕ್ಕದಲ್ಲೂ ಒಬ್ಬರನ್ನು ಕೊಲ್ಲುವುದು, ನಿರಪರಾಧಿಗೆ ಶಿಕ್ಷೆ ಕೊಡುವುದು ಆಯ್ಕೆಗಳ ಪಟ್ಟಿಯಲ್ಲೇ ಇರಬಾರದು. ಇದನ್ನು ಉಪಯುಕ್ತತಾವಾದದೊಳಗಿನ ನಿಯಮವೆಂದು ಒಪ್ಪಿ, ಅಥವಾ ಹೊರಗಿನ ಹಕ್ಕೆಂದು ಒಪ್ಪಿ, ಅಡ್ಡಿಯಿಲ್ಲ.

ಅಣೆಕಟ್ಟಿನ ಲೆಕ್ಕ

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಆ ವಿದ್ಯುತ್ತಿನಿಂದ ರಾಜ್ಯ ಬೆಳೆಯಿತು, ಮುಳುಗಡೆಯಾದ ಊರುಗಳ ಜನ ಶಿವಮೊಗ್ಗ ಜಿಲ್ಲೆಯ ಕಾಡಂಚುಗಳಲ್ಲಿ ನೆಲೆ ನಿಂತರು, ಅವರ ಭೂಮಿಯ ಹಕ್ಕುಪತ್ರದ ಹೋರಾಟ ಮುಂದಿನ ತಲೆಮಾರುಗಳಿಗೂ ಬಂತು. ಇಲ್ಲಿ ಎಡವಿದ್ದು ಉಪಯುಕ್ತತಾವಾದವೋ, ಲೆಕ್ಕ ಹಾಕಿದ ರೀತಿಯೋ ಎಂದು ಬಿಡಿಸಿ ನೋಡಬೇಕು. ಗೆದ್ದವರು ಸೋತವರಿಗೆ ಪರಿಹಾರ ಕೊಟ್ಟೂ ಲಾಭದಲ್ಲಿ ಉಳಿಯಬಲ್ಲರಾದರೆ ಯೋಜನೆ ಸರಿ ಎನ್ನುವ ಪರೀಕ್ಷೆಯನ್ನು ಅರ್ಥಶಾಸ್ತ್ರಜ್ಞರಾದ ಕಾಲ್ಡರ್ ಮತ್ತು ಹಿಕ್ಸ್ 1939ರಲ್ಲಿ ಕೊಟ್ಟರು. ಅದರಲ್ಲಿ ಪರಿಹಾರ ‘ಕೊಡಬಲ್ಲರು’ ಅಷ್ಟೇ, ಕೊಡಬೇಕೆಂದಿಲ್ಲ. ಕೊಡದಿದ್ದರೆ ಉಪಯುಕ್ತತಾವಾದದ ತಕ್ಕಡಿಯಲ್ಲಿ ನಷ್ಟ ಹಾಗೇ ಉಳಿಯುತ್ತದೆ.

2013ರ ಭೂಸ್ವಾಧೀನ ಕಾಯ್ದೆ ಈ ದೃಷ್ಟಿಯಿಂದ ಓದಲು ಒಳ್ಳೆಯ ಪಠ್ಯ. ಅದು ಸಾಮಾಜಿಕ ಪರಿಣಾಮದ ಅಧ್ಯಯನ ಕೇಳುತ್ತದೆ, ಸಾರ್ವಜನಿಕ ಲಾಭ ಸಾಮಾಜಿಕ ನಷ್ಟವನ್ನು ಮೀರಬೇಕೆನ್ನುತ್ತದೆ. ಇದು ಮೊತ್ತದ ಲೆಕ್ಕ. ಜೊತೆಗೆ ಗ್ರಾಮೀಣ ಭೂಮಿಗೆ ಮಾರುಕಟ್ಟೆ ದರದ ನಾಲ್ಕು ಪಟ್ಟಿನವರೆಗೆ ಪರಿಹಾರ, ಖಾಸಗಿ ಕಂಪನಿಗಾದರೆ ಬಾಧಿತ ಕುಟುಂಬಗಳಲ್ಲಿ ಶೇ. 80ರ ಒಪ್ಪಿಗೆ, ಖಾಸಗಿ ಸಹಭಾಗಿತ್ವಕ್ಕೆ ಶೇ. 70 ಎಂದು ಷರತ್ತು ಹಾಕುತ್ತದೆ. ಇವು ಮೊತ್ತದ ಸುತ್ತ ಹಾಕಿದ ಬೇಲಿ.

ಇಂಥ ಲೆಕ್ಕ ನೀವೇ ಹಾಕುವಾಗ ‘ಏನೂ ಮಾಡದಿರುವುದು’ ಸೇರಿದಂತೆ ಎಲ್ಲ ಆಯ್ಕೆಗಳನ್ನೂ ಬರೆಯಿರಿ. ಬಾಧಿತರ ಪಟ್ಟಿಯಲ್ಲಿ ಪಹಣಿಯಲ್ಲಿ ಹೆಸರಿಲ್ಲದವರನ್ನು, ಅಂದರೆ ಗೇಣಿಗೆ ಮಾಡುವವರು, ಕೂಲಿಯವರು, ದನ ಮೇಯಿಸಲು ಬರುವವರನ್ನು ಮೊದಲು ಬರೆಯಿರಿ. ಆಮೇಲೆ ಬರೆಯೋಣ ಎಂದು ಬಿಟ್ಟವರು ಬಿಟ್ಟೇಹೋಗುತ್ತಾರೆ. ಪ್ರತಿ ಪರಿಣಾಮಕ್ಕೂ ಪ್ರಮಾಣ, ಅವಧಿ, ಸಂಭವನೀಯತೆ, ಜನಸಂಖ್ಯೆ ನಾಲ್ಕನ್ನೂ ಗುಣಿಸಿ. ಯೂನಿಟ್ ಲೆಕ್ಕದಲ್ಲಿ ಸಿಗುವ ವಿದ್ಯುತ್ತಿಗೆ ನಿಖರ ಅಂಕಿ ಇರುತ್ತದೆ, ಚದುರಿಹೋದ ಊರಿಗೆ ಇರುವುದಿಲ್ಲ. ಅಂಕಿ ಇಲ್ಲವೆಂದು ಸೊನ್ನೆ ಬರೆಯಬೇಡಿ. ಕೊನೆಗೆ ಅನುಮಾನವಿರುವ ಪ್ರತಿ ಅಂಕಿಯನ್ನೂ ಒಮ್ಮೆ ಅರ್ಧ ಮಾಡಿ, ಒಮ್ಮೆ ಇಮ್ಮಡಿ ಮಾಡಿ ನೋಡಿ. ಉತ್ತರ ತಲೆಕೆಳಗಾದರೆ ಲೆಕ್ಕ ನಂಬಲು ಯೋಗ್ಯವಲ್ಲ, ನಿಯಮಕ್ಕೆ ಮರಳಿ.

ಭವಿಷ್ಯದವರ ಪಾಲನ್ನು ಎಷ್ಟು ತಗ್ಗಿಸಬೇಕು ಎಂಬುದೂ ಒಂದು ಆಯ್ಕೆಯೇ. ಹವಾಮಾನ ಬದಲಾವಣೆಯ ಲೆಕ್ಕದಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ 2006ರಲ್ಲಿ ವರ್ಷಕ್ಕೆ ಶೇ. 0.1 ತಗ್ಗಿಸಿದರೆ, ವಿಲಿಯಂ ನಾರ್ಡ್‌ಹಾಸ್ ಶೇ. 1.5 ತಗ್ಗಿಸಿದರು. ನೂರು ವರ್ಷದ ಆಚೆಯವರ ಒಳಿತಿಗೆ ಮೊದಲನೆಯದರಲ್ಲಿ ಸುಮಾರು 0.90 ತೂಕ, ಎರಡನೆಯದರಲ್ಲಿ ಸುಮಾರು 0.23. ಹೆನ್ರಿ ಸಿಜ್‌ವಿಕ್‌ರಿಂದ ಹಿಡಿದು ಶಾಸ್ತ್ರೀಯ ಉಪಯುಕ್ತತಾವಾದಿಗಳು, ಬರೀ ತಡವಾಗಿ ಹುಟ್ಟಿದರೆಂಬ ಕಾರಣಕ್ಕೆ ಯಾರ ಪಾಲನ್ನೂ ತಗ್ಗಿಸಬಾರದು ಎಂದವರು; ನಾನೂ ಆ ಕಡೆಯೇ. ಉದಾಹರಣೆಗೆ, ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಉಳಿದಿರುವುದು 105 ಟಿಎಂಸಿ ಆಸುಪಾಸು. ಅಣೆಕಟ್ಟು ಮುಗಿದ 1950ರ ದಶಕದಲ್ಲಿ ಶೇ. 1.5ರ ದರದಲ್ಲಿ ಲೆಕ್ಕ ಹಾಕಿದ್ದರೆ, ಇಂದು ನಾಲೆಯ ಕೊನೆಯಲ್ಲಿರುವ ರೈತರ ನಷ್ಟಕ್ಕೆ ಅರ್ಧಕ್ಕಿಂತ ಕಡಿಮೆ ತೂಕ ಸಿಗುತ್ತಿತ್ತು.